ಹದಿನೈದು ಪೇಪರ್ ಎಲ್ಲಿ ಸಿಗುತ್ತವೆ?

ಪ್ರಶ್ನೆ: ಹಾಸನದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇ ಅಂಡ್ ಸಿ ಏಳನೇ ಸೆಮಿಸ್ಟರ್ ಓದುತ್ತಿದ್ದೇನೆ. ನಾಲ್ಕು ಜನರ ತಂಡ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. ಅಲ್ಲಿ ಮಣ್ಣಿನ ತೇವಾಂಶ ಅಳೆದು ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ಹೋಗುವ) ರೇಡಿಯೋ ಮೂಲಕ ಮನೆಗೆ ಕಳಿಸುವುದು ನಮ್ಮ ಪ್ರಾಜೆಕ್ಟ್. ಕನಿಷ್ಠ 15 ಪೇಪರ್ ಓದಿ ಲಿಟರೇಚರ್ ಸರ್ವೆ ಬರೆದು ತನ್ನಿ ಎಂದು ಗೈಡ್ ಹೇಳಿದ್ದಾರೆ. ಗೂಗಲ್ ಮಾಡಿದರೆ ಸಾರಾಂಶ ಮಾತ್ರ ಕಾಣುತ್ತದೆ, ಮುಂದಕ್ಕೆ ಡಾಲರ್ ಕೇಳುತ್ತದೆ. ಕಾಲೇಜು ಲೈಬ್ರರಿಯಲ್ಲಿ ಟೆಕ್ಸ್ಟ್‌ಬುಕ್ ಬಿಟ್ಟು ಬೇರೇನೂ ಕಾಣಲಿಲ್ಲ. ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಕಾಲೇಜಿನ ವೈಫೈಗೆ ಬನ್ನಿ, ಆಮೇಲೆ ಡಾಲರ್ ಕೇಳಿದ ಅದೇ ಪುಟವನ್ನು ಮತ್ತೆ ತೆರೆಯಿರಿ. ಒಂದಷ್ಟು ಪೇಪರ್ ಇಷ್ಟಕ್ಕೇ ತೆರೆದುಕೊಳ್ಳುತ್ತವೆ. ಕಾಲೇಜು ಚಂದಾ ಕಟ್ಟಿದ ಜರ್ನಲ್ಲುಗಳು ನಿಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ, ಯಾವ ಐಪಿ ವಿಳಾಸದಿಂದ ಬಂದಿರಿ ಎಂಬುದರಿಂದ ಗುರುತಿಸುತ್ತವೆ. ಕ್ಯಾಂಪಸ್ಸಿನ ವಿಳಾಸ ಪ್ರಕಾಶಕರ ಪಟ್ಟಿಯಲ್ಲಿರುತ್ತದೆ. ಪಿಜಿಯ ವೈಫೈ, ನಿಮ್ಮ ಸಿಮ್ಮಿನದು ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಹಾಕಿಕೊಂಡಿದ್ದರೆ ಅದನ್ನೂ ತೆಗೆಯಿರಿ. ಲೈಬ್ರರಿಯಲ್ಲೇ ಕೂತಿದ್ದರೂ ವಿಪಿಎನ್ ನಿಮ್ಮನ್ನು ಸಿಂಗಾಪುರದವರನ್ನಾಗಿ ಮಾಡಿಬಿಡುತ್ತದೆ.

ಇಲೆಕ್ಟ್ರಿಕಲ್, ಇಲೆಕ್ಟ್ರಾನಿಕ್ಸ್ ಪೇಪರುಗಳ ಭಂಡಾರವಾದ ಐಟ್ರಿಪಲ್‌ಇ ಎಕ್ಸ್‌ಪ್ಲೋರ್ ಪುಟದ ನೆತ್ತಿಯಲ್ಲಿ ‘ಆಕ್ಸೆಸ್ ಪ್ರೊವೈಡೆಡ್ ಬೈ’ ಎಂದು ಕಾಲೇಜಿನದೋ ವಿಶ್ವವಿದ್ಯಾಲಯದ್ದೋ ಹೆಸರು ಬಂದರೆ ನೀವು ಒಳಗಿದ್ದೀರಿ. ಬಾರದಿದ್ದರೆ ಎರಡರಲ್ಲಿ ಒಂದು: ಆ ಪ್ರಕಾಶಕರಿಗೆ ಈ ವರ್ಷ ಚಂದಾ ಇಲ್ಲ, ಇಲ್ಲವೇ ನೀವು ಕೂತಿರುವ ಲ್ಯಾಬಿಗೆ ಬೇರೆ ಕಂಪನಿಯ ಲೈನ್ ಎಳೆದಿದ್ದಾರೆ, ಅದರ ಐಪಿ ನೋಂದಣಿಯಾಗಿಲ್ಲ. ಲೈಬ್ರರಿಯ ಡಿಜಿಟಲ್ ವಿಭಾಗದ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದು ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಎರಡನೆಯದಾಗಿದ್ದರೆ ಗ್ರಂಥಪಾಲಕರಿಗೆ ತಿಳಿಸಿ. ಯಾರೂ ಹೇಳದಿದ್ದರೆ ಅದು ಅವರ ಗಮನಕ್ಕೆ ಬರುವುದೇ ಇಲ್ಲ.

ವಿಟಿಯು ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಬರುವುದು ಬಹುಮಟ್ಟಿಗೆ ವಿಟಿಯು ಕನ್ಸಾರ್ಷಿಯಂ ಎಂಬ, ಕಾಲೇಜುಗಳು ಒಟ್ಟಾಗಿ ಚಂದಾ ಕಟ್ಟುವ ವ್ಯವಸ್ಥೆಯ ಮೂಲಕ. ಯಾವ ಪ್ರಕಾಶಕರು ಒಳಗಿದ್ದಾರೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ ಸೀನಿಯರ್ ಹೇಳಿದ್ದು ಹಳೆಯ ಸುದ್ದಿ. ಗ್ರಂಥಪಾಲಕರ ಹತ್ತಿರ ಹೋಗಿ ‘ಪೇಪರ್ ಸಿಗುತ್ತಾ ಮೇಡಂ’ ಎಂದರೆ ‘ಸಿಗುತ್ತಪ್ಪ, ನೋಡು’ ಎಂಬ ಉತ್ತರವೇ ಬರುವುದು. ಬಿಡಿಸಿ ಕೇಳಿ: ಈ ವರ್ಷ ಯಾವ ಯಾವ ಪ್ರಕಾಶಕರ ಜರ್ನಲ್ ಇವೆ? ಮನೆಯಿಂದ ನೋಡಲು ರಿಮೋಟ್ ಲಾಗಿನ್ ಹೇಗೆ ಪಡೆಯಬೇಕು? ನಮ್ಮಲ್ಲಿಲ್ಲದ ಪೇಪರನ್ನು ಡೆಲ್‌ನೆಟ್ (ಗ್ರಂಥಾಲಯಗಳು ಪರಸ್ಪರ ಎರವಲು ಕೊಡುವ ಜಾಲ) ಮೂಲಕ ತರಿಸಿಕೊಡಬಹುದೇ? ರಿಮೋಟ್ ಲಾಗಿನ್‌ಗೆ ಕಾಲೇಜಿನ ಇಮೇಲ್ ಅಥವಾ ಯುಎಸ್‌ಎನ್ (ವಿಟಿಯು ನೋಂದಣಿ ಸಂಖ್ಯೆ) ಕೇಳುತ್ತಾರೆ. ಪರೀಕ್ಷೆ ಮುಗಿದು ಊರಿಗೆ ಹೋಗುವ ಮುಂಚೆಯೇ ಇದನ್ನು ಮಾಡಿಸಿಕೊಳ್ಳಿ, ತೋಟದಲ್ಲಿ ಕೂತು ಒಟಿಪಿಗೆ ಒದ್ದಾಡುವುದು ತಪ್ಪುತ್ತದೆ.

ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಗೆಳೆಯನಿಗೆ ಸಲೀಸಾಗಿ ತೆರೆಯುವ ಪೇಪರ್ ನಿಮಗೆ ತೆರೆಯದಿರಬಹುದು. ಕಾರಣ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಯೋಜನೆ ಇದು: 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ನಡೆಸುವುದು ಗುಜರಾತಿನ ಗಾಂಧಿನಗರದಲ್ಲಿರುವ, ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್. ಆದರೆ ಇದು ಕೇಂದ್ರ, ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜಿಗೆ ಇನ್ನೂ ಇಲ್ಲ. ಹಾಗೆಂದು ಗೆಳೆಯನ ಪಾಸ್‌ವರ್ಡ್ ಇಸಿದುಕೊಳ್ಳಲು ಹೋಗಬೇಡಿ. ಅದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಹೋಗುವುದು ಅವನ ಖಾತೆ. ಇನ್ನೊಂದು ಎಚ್ಚರ: ಬೇಕೋ ಬೇಡವೋ ಒಂದೇ ಸಂಜೆ ನೂರಾರು ಪಿಡಿಎಫ್ ಇಳಿಸಿಕೊಳ್ಳುವುದು, ಅದಕ್ಕೊಂದು ಸ್ಕ್ರಿಪ್ಟ್ ಬರೆಯುವುದು ಬೇಡ. ಪ್ರಕಾಶಕರ ಕಂಪ್ಯೂಟರ್ ಅದನ್ನು ಕಳ್ಳತನ ಎಂದೇ ಓದುತ್ತದೆ, ಇಡೀ ಕಾಲೇಜಿನ ಐಪಿಯನ್ನು ತಡೆಯುತ್ತದೆ. ಒಬ್ಬ ಮಾಡಿದ್ದಕ್ಕೆ ಎಂಟೆಕ್‌ನವರು, ಪಿಎಚ್‌ಡಿಯವರು ಎಲ್ಲರೂ ದಿನಗಟ್ಟಲೆ ಹೊರಗೆ.

ಚಂದಾ ಇಲ್ಲದ ಪೇಪರಿಗೆ ನೇರ ದಾರಿಗಳಿವೆ. ಗೂಗಲ್ ಸ್ಕಾಲರ್‌ನಲ್ಲಿ ಪೇಪರಿನ ಹೆಸರು ಹುಡುಕಿ, ಕೆಳಗೆ ‘ಆಲ್ ವರ್ಶನ್ಸ್’ ಎಂದಿರುವುದನ್ನು ಒತ್ತಿ. ಲೇಖಕರ ವಿಶ್ವವಿದ್ಯಾಲಯದ ಭಂಡಾರದಲ್ಲೋ ಆರ್ಕೈವ್ (arXiv) ಎಂಬ ಮುಕ್ತ ಜಾಲತಾಣದಲ್ಲೋ ಇಟ್ಟ ಉಚಿತ ಪ್ರತಿ ಅಲ್ಲಿ ಕಾಣುವುದುಂಟು. ಅನ್‌ಪೇವಾಲ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಅದೇ ಕೆಲಸ ತಾನಾಗಿ ಆಗುತ್ತದೆ; ಮುಕ್ತ ಪ್ರತಿ ಇದ್ದರೆ ಪುಟದ ಅಂಚಿನಲ್ಲಿ ಹಸಿರು ಬೀಗ ಬರುತ್ತದೆ. ಐಟ್ರಿಪಲ್‌ಇ ಆಕ್ಸೆಸ್‌ನಂಥ ಜರ್ನಲ್ಲುಗಳಲ್ಲಿ ಎಲ್ಲವೂ ಮುಕ್ತ. ಯಾವುದೂ ಆಗಲಿಲ್ಲವೇ, ಲೇಖಕರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಮೇಲ್ ಬರೆಯಿರಿ: ಯಾರು, ಯಾವ ಪೇಪರ್, ಯಾತಕ್ಕೆ. ಕಳಿಸಿಕೊಡುವವರು ಬಹಳ ಜನ ಇದ್ದಾರೆ. ಕಾಲೇಜಿನ ಇಮೇಲಿನಿಂದಲೇ ಬರೆಯಿರಿ.

ಇಷ್ಟೂ ಬಾಗಿಲಿನ ಮಾತಾಯಿತು. ಒಳಗೆ ಹೋಗಿ ಏನು ಹುಡುಕಬೇಕು ಎಂಬುದೇ ದೊಡ್ಡದು. ಗೈಡ್ 15 ಎಂದಿದ್ದಾರೆ. ‘ಸ್ಮಾರ್ಟ್ ಅಗ್ರಿಕಲ್ಚರ್ ಯೂಸಿಂಗ್ ಐಒಟಿ’ ಎಂದು ಟೈಪ್ ಮಾಡಿದರೆ 15 ಅಲ್ಲ, ಸಾವಿರ ಸಿಗುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲು ಒಂದು ಬ್ಲಾಕ್ ಡಯಾಗ್ರಾಂ, ಒಂದು ಬಿಡಿಭಾಗಗಳ ಪಟ್ಟಿ, ಮೊಬೈಲ್ ಆ್ಯಪಿನ ಒಂದು ಸ್ಕ್ರೀನ್‌ಶಾಟ್. ಅಳತೆ ಇಲ್ಲ, ಕೋಷ್ಟಕ ಇಲ್ಲ. ಅಂಥ ಹದಿನೈದು ಓದಿದರೂ ನಿಮ್ಮ ತೋಟದಲ್ಲಿ ಕಂಬ ಎಲ್ಲಿ ನೆಡಬೇಕು ಎಂದು ಗೊತ್ತಾಗುವುದಿಲ್ಲ. ಪ್ರಾಜೆಕ್ಟನ್ನು ಉತ್ತರ ಬೇಕಾದ ಪ್ರಶ್ನೆಗಳಾಗಿ ಒಡೆಯಿರಿ. ಆಗ ಒಂದೊಂದು ಪ್ರಶ್ನೆಯೂ ಬೇರೆ ಬೇರೆ ಕಪಾಟಿಗೆ ಹೋಗುತ್ತದೆ, ಎಲ್ಲವಕ್ಕೂ ಪೇಪರೇ ಬೇಕಾಗಿಲ್ಲ ಎಂದೂ ತಿಳಿಯುತ್ತದೆ.

ರೇಡಿಯೋದಿಂದ ಶುರು ಮಾಡೋಣ. ನೀವು ಎಸ್‌ಎಕ್ಸ್ 1276 ಚಿಪ್ ಇರುವ ಮಾಡ್ಯೂಲ್ ತಗೊಂಡಿರಿ ಎನ್ನಿ. ಅದರ ಸಾಮರ್ಥ್ಯ ತಿಳಿಯಲು ಪೇಪರ್ ಬೇಡ, ತಯಾರಕರ ಡೇಟಾಶೀಟ್ ಬೇಕು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ −148 ಡಿಬಿಎಂ ಗ್ರಹಣಶಕ್ತಿ ಎಂದಿದೆ (ಎಷ್ಟು ಕ್ಷೀಣ ಸಿಗ್ನಲನ್ನು ಹಿಡಿಯಬಲ್ಲದು ಎಂಬ ಅಳತೆ; ಸಂಖ್ಯೆ ಕೆಳಗಿಳಿದಷ್ಟೂ ಒಳ್ಳೆಯದು). ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಎಲ್ಲರೂ ನಕಲು ಮಾಡುವುದು ಇದನ್ನೇ. ಒಳಗಿನ ಕೋಷ್ಟಕಕ್ಕೆ ಹೋಗಿ: ನೀವು ಬಳಸುವ 125 ಕಿಲೋಹರ್ಟ್ಝ್ ಬ್ಯಾಂಡ್‌ವಿಡ್ತ್‌ನಲ್ಲಿ, ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂದೇಶವನ್ನು ಎಷ್ಟು ಹಿಗ್ಗಿಸಿ ನಿಧಾನವಾಗಿ ಕಳಿಸುತ್ತದೆ ಎಂಬ ಅಳತೆ) 12ಕ್ಕೆ ಅದು ಸುಮಾರು −136, ಫ್ಯಾಕ್ಟರ್ 7ಕ್ಕೆ ಸುಮಾರು −123. −148 ಬರುವುದು ಬ್ಯಾಂಡ್‌ವಿಡ್ತನ್ನು ತೀರಾ ಕಿರಿದು ಮಾಡಿದಾಗ. 12 ಡಿಬಿ ವ್ಯತ್ಯಾಸ ಎಂದರೆ ಶಕ್ತಿಯಲ್ಲಿ 16 ಪಟ್ಟು. ಜಾಹೀರಾತಿನ ಸಂಖ್ಯೆ ಮುಂದೆ ಇರುತ್ತದೆ, ಕೆಲಸಕ್ಕೆ ಬರುವ ಸಂಖ್ಯೆ ಒಳಗೆ ಇರುತ್ತದೆ. ಎಲ್ಲ ಡೇಟಾಶೀಟಿಗೂ ಈ ಮಾತು ಸಲ್ಲುತ್ತದೆ.

ಮುಂದಿನ ಪ್ರಶ್ನೆ, ಗಿಡಮರ ಎಷ್ಟು ಸಿಗ್ನಲ್ ನುಂಗುತ್ತವೆ? ಇದಕ್ಕೆ ಹೋಗಬೇಕಾದ್ದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸುಗಳಿಗೆ. ಐಟಿಯು-ಆರ್ ಪಿ.833 ಸಸ್ಯರಾಶಿಯಲ್ಲಿ ಆಗುವ ನಷ್ಟದ ಬಗ್ಗೆಯೇ ಇದೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಇದರ ಜೊತೆಗೆ ಪುಸ್ತಕಗಳಲ್ಲಿ ಸಿಗುವ ವೈಸ್‌ಬರ್ಗರ್ ಸೂತ್ರ ನೋಡಿ: 14ರಿಂದ 400 ಮೀಟರ್ ಆಳದ ಮರಗಳಿಗೆ, ಗಿಗಾಹರ್ಟ್ಝ್‌ನಲ್ಲಿ ಆವರ್ತನದ 0.284ನೇ ಘಾತವನ್ನು ಮೀಟರಿನಲ್ಲಿ ದೂರದ 0.588ನೇ ಘಾತದಿಂದ ಗುಣಿಸಿ, ಅದನ್ನು 1.33ರಿಂದ ಗುಣಿಸಿದರೆ ಡಿಬಿಯಲ್ಲಿ ನಷ್ಟ. 866 ಮೆಗಾಹರ್ಟ್ಝ್‌ಗೆ ಲೆಕ್ಕ ಹಾಕಿದರೆ 100 ಮೀಟರಿಗೆ ಸುಮಾರು 19 ಡಿಬಿ, 400 ಮೀಟರಿಗೆ 43. ಬಯಲಲ್ಲಿ 400 ಮೀಟರಿಗೆ ಆಗುವ ನಷ್ಟ ಸುಮಾರು 83. ಎರಡೂ ಸೇರಿ 126. ಮಾಡ್ಯೂಲ್ 14 ಡಿಬಿಎಂ ಶಕ್ತಿಯಲ್ಲಿ ಕಳಿಸಿದರೆ, ಆಂಟೆನಾ ಲಾಭ ಸೊನ್ನೆ ಎಂದುಕೊಂಡರೂ, ಫ್ಯಾಕ್ಟರ್ 12ರಲ್ಲಿ ಇನ್ನೂ 24 ಡಿಬಿ ಉಳಿಯುತ್ತದೆ, ಫ್ಯಾಕ್ಟರ್ 7ರಲ್ಲಿ 11. ದಿಣ್ಣೆ, ಹಳ್ಳ ಇದರಲ್ಲಿ ಸೇರಿಲ್ಲ. ಮಲೆನಾಡಿನ ತೋಟದಲ್ಲಿ ನಿಮ್ಮನ್ನು ಬೀಳಿಸುವುದು ಮರಕ್ಕಿಂತ ಮೊದಲು ದಿಣ್ಣೆಯೇ.

ಪೇಪರ್ ಬೇಕಾಗುವುದು ಇಲ್ಲಿಂದ ಆಚೆಗೆ. ವೈಸ್‌ಬರ್ಗರ್ ಸೂತ್ರ ಸಮಶೀತೋಷ್ಣ ನಾಡಿನ ದಟ್ಟ, ಒಣ, ಎಲೆಯಿರುವ ಮರಗಳಿಗೆ ಕಟ್ಟಿದ್ದು. ನಿಮ್ಮದು ಎರಡು ಅಂತಸ್ತಿನ ತೋಟ: ಕೆಳಗೆ ಕಾಫಿ ಗಿಡ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ನಡುವೆ ಬರೀ ಕಾಂಡಗಳ ಪೊಳ್ಳು. ಆಂಟೆನಾ ಕಾಫಿ ಗಿಡದ ಒಳಗಿದ್ದರೆ ಒಂದು ಕಥೆ, ಮೇಲಿನ ಪೊಳ್ಳಿನಲ್ಲಿದ್ದರೆ ಇನ್ನೊಂದು. ಆ ವ್ಯತ್ಯಾಸ ಅಳೆದವರು ಯಾರು, ಯಾವ ಮರದಲ್ಲಿ, ಎಷ್ಟು ಎತ್ತರದಲ್ಲಿ? ಈಗ ನಿಮ್ಮ ಕೈಯಲ್ಲಿ ಹುಡುಕುವಂಥ ಪ್ರಶ್ನೆ ಇದೆ.

ಎಕ್ಸ್‌ಪ್ಲೋರ್‌ನಲ್ಲಿ ಅದನ್ನು ಹೀಗೆ ಕಟ್ಟಿ. (ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.) ಒಂದು ಕಂಸದಲ್ಲಿ ತಂತ್ರಜ್ಞಾನದ ಹೆಸರುಗಳು: ಲೋರಾ ಆರ್ ಲೋರಾವ್ಯಾನ್. ಎರಡನೆಯದರಲ್ಲಿ ಅಳತೆ: ‘ಪಾತ್ ಲಾಸ್’ ಆರ್ ಅಟೆನ್ಯುಯೇಷನ್ ಆರ್ ಪ್ರೊಪಗೇಷನ್. ಮೂರನೆಯದರಲ್ಲಿ ಜಾಗ: ವೆಜಿಟೇಷನ್ ಆರ್ ಫೋಲಿಯೇಜ್ ಆರ್ ಫಾರೆಸ್ಟ್ ಆರ್ ಪ್ಲಾಂಟೇಷನ್ ಆರ್ ಆರ್ಚರ್ಡ್. ಮೂರು ಕಂಸಗಳ ನಡುವೆ ಆ್ಯಂಡ್. ಆ್ಯಂಡ್, ಆರ್, ನಾಟ್ ಮೂರನ್ನೂ ಕ್ಯಾಪಿಟಲ್ ಅಕ್ಷರದಲ್ಲೇ ಬರೆಯಬೇಕು. ‘ಪಾತ್ ಲಾಸ್’ ಎಂಬುದಕ್ಕೆ ಉದ್ಧರಣ ಚಿಹ್ನೆ ಹಾಕದಿದ್ದರೆ ‘ಪಾತ್’ ಒಂದು ಕಡೆ, ‘ಲಾಸ್’ ಇನ್ನೊಂದು ಕಡೆ ಇರುವ ಪೇಪರೆಲ್ಲ ಬಂದು ತುಂಬಿಕೊಳ್ಳುತ್ತವೆ. ‘ಕಾಫಿ’ ಎಂಬ ಪದವನ್ನು ಮೊದಲೇ ಹಾಕಬೇಡಿ. ಫಲಿತಾಂಶ ಬೆರಳೆಣಿಕೆಗೆ ಇಳಿದು, ಯಾರೂ ಕೆಲಸ ಮಾಡಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ತಾಳೆ ತೋಟದಲ್ಲಿ, ಹಣ್ಣಿನ ತೋಟದಲ್ಲಿ, ಕಾಡಿನಲ್ಲಿ ಅಳೆದದ್ದು ನಿಮಗೂ ಉಪಯೋಗವೇ. ಹೆಚ್ಚು ಬಂದರೆ ಮೂರನೇ ಕಂಸವನ್ನು ಶೀರ್ಷಿಕೆಯಲ್ಲಿ ಮಾತ್ರ ಹುಡುಕು ಎಂದು ಬಿಗಿ ಮಾಡಿ. ಕಡಿಮೆ ಬಂದರೆ ಎರಡನೆಯದಕ್ಕೆ ಆರ್‌ಎಸ್‌ಎಸ್‌ಐ (ತಲುಪಿದ ಸಿಗ್ನಲ್ಲಿನ ಬಲ) ಸೇರಿಸಿ.

ಒಳ್ಳೆಯದು ಒಂದು ಸಿಕ್ಕರೆ ಹೊಸದಾಗಿ ಹುಡುಕುವುದನ್ನು ನಿಲ್ಲಿಸಿ, ಅದರ ಜಾಡು ಹಿಡಿಯಿರಿ. ಅದರ ಕೊನೆಯ ಪಟ್ಟಿ ಹಿಂದಕ್ಕೆ ಒಯ್ಯುತ್ತದೆ. ಸ್ಕಾಲರ್‌ನಲ್ಲಿ ಅದರ ಕೆಳಗಿನ ‘ಸೈಟೆಡ್ ಬೈ’ ಮುಂದಕ್ಕೆ ಒಯ್ಯುತ್ತದೆ. ಅದನ್ನು ಒತ್ತಿದ ಮೇಲೆ ಮೇಲ್ಗಡೆ ‘ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್’ ಎಂಬ ಚೌಕ ಬರುತ್ತದೆ, ಅದಕ್ಕೆ ಗುರುತು ಹಾಕಿ, ಆಗ ‘ಕಾಫಿ’ ಎಂದೋ ‘ಆ್ಯಗ್ರೋಫಾರೆಸ್ಟ್ರಿ’ ಎಂದೋ ಹುಡುಕಿ. ಈ ಚೌಕ ಬಹಳ ಜನರ ಕಣ್ಣಿಗೇ ಬೀಳುವುದಿಲ್ಲ. ನಾಲ್ಕೈದು ಪೇಪರುಗಳು ಒಂದೇ ಹಳೆಯ ಲೇಖನವನ್ನು ತೋರಿಸುತ್ತಿದ್ದರೆ ಅದೇ ಬೇರು, ಅದನ್ನು ಓದದೆ ಬಿಡಬೇಡಿ.

ಮಣ್ಣಿನ ವಿಷಯದಲ್ಲಿ ಆ ಬೇರು ಐಟ್ರಿಪಲ್‌ಇಯಲ್ಲಿ ಇಲ್ಲವೇ ಇಲ್ಲ. ಮಣ್ಣಿನ ಡೈಎಲೆಕ್ಟ್ರಿಕ್ ಸ್ಥಿರಾಂಕಕ್ಕೂ ನೀರಿನ ಪ್ರಮಾಣಕ್ಕೂ ಇರುವ ನಂಟನ್ನು ಕೊಟ್ಟ, ಎಲ್ಲರೂ ಉಲ್ಲೇಖಿಸುವ ಟಾಪ್ (Topp) ಎಂಬ ಸಂಶೋಧಕ ಮತ್ತು ಸಂಗಡಿಗರ ಲೇಖನ 1980ರಲ್ಲಿ ಬಂದದ್ದು ಜಲಸಂಪನ್ಮೂಲದ ಜರ್ನಲ್ಲಿನಲ್ಲಿ. ಎಕ್ಸ್‌ಪ್ಲೋರ್ ಒಂದನ್ನೇ ನೆಚ್ಚಿಕೊಂಡ ಇ ಅಂಡ್ ಸಿ ವಿದ್ಯಾರ್ಥಿಗಳು ಸೆನ್ಸರಿನ ಕ್ಯಾಲಿಬ್ರೇಷನ್ ಭಾಗದಲ್ಲಿ ಸೊರಗುವುದು ಇದಕ್ಕೇ. ಸೆನ್ಸರ್ ಕೊಡುವುದು ವೋಲ್ಟೇಜು, ತೇವಾಂಶವಲ್ಲ. ಅದನ್ನು ಶೇಕಡಾವಾರು ನೀರಿಗೆ ತಿರುಗಿಸಲು ನಿಮ್ಮ ತೋಟದ ಮಣ್ಣನ್ನೇ ತೂಗಿ, ಒಣಗಿಸಿ, ಮತ್ತೆ ತೂಗಬೇಕು. ವಿಧಾನ ಭಾರತೀಯ ಮಾನಕ ಐಎಸ್ 2720ರ ಭಾಗ 2ರಲ್ಲಿದೆ: 105ರಿಂದ 110 ಡಿಗ್ರಿ ಸೆಲ್ಸಿಯಸ್ ಓವನ್, ತೂಕ ಇಳಿಯುವುದು ನಿಲ್ಲುವವರೆಗೆ, ಸಾಮಾನ್ಯವಾಗಿ 24 ಗಂಟೆ. ಭಾರತೀಯ ಮಾನಕಗಳನ್ನು ಬಿಐಎಸ್ ಜಾಲತಾಣದಲ್ಲಿ ಲಾಗಿನ್ ಮಾಡಿ ಉಚಿತವಾಗಿ ಇಳಿಸಿಕೊಳ್ಳಬಹುದು. ಓವನ್ ಎಲ್ಲಿ? ನಿಮ್ಮ ಕಾಲೇಜಿನ ಸಿವಿಲ್ ವಿಭಾಗದ ಸಾಯಿಲ್ ಲ್ಯಾಬಿನಲ್ಲಿ. ಅಲ್ಲಿನ ಲ್ಯಾಬ್ ಅಸಿಸ್ಟೆಂಟರಿಗೆ ಗೊತ್ತಿರುವಷ್ಟು ಈ ವಿಷಯದಲ್ಲಿ ಯಾವ ಪೇಪರಿಗೂ ಗೊತ್ತಿಲ್ಲ. ಒಂದು ಎಡವಟ್ಟು ನೆನಪಿಡಿ: ಈ ವಿಧಾನ ಕೊಡುವುದು ತೂಕದ ಲೆಕ್ಕದ ತೇವಾಂಶ, ಟಾಪ್ ಸೂತ್ರ ಕೊಡುವುದು ಘನ ಅಳತೆಯ ಲೆಕ್ಕದ್ದು. ನಡುವೆ ಮಣ್ಣಿನ ಒಣ ಸಾಂದ್ರತೆಯಿಂದ ಗುಣಿಸಬೇಕು. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ‘ಸೆನ್ಸರ್ ಸರಿಯಿಲ್ಲ’ ಎಂದು ಬರೆದ ರಿಪೋರ್ಟುಗಳು ಕಪಾಟಿನಲ್ಲಿ ಬೇಕಾದಷ್ಟಿವೆ.

ಸೆನ್ಸರ್ ನಿಜವಾಗಿಯೂ ಸರಿಯಿಲ್ಲದಿರುವುದೂ ಉಂಟು, ಆಗಲೂ ಡೇಟಾಶೀಟೇ ಗತಿ. ಅಂಗಡಿಯಲ್ಲಿ ಸಿಗುವ ಅಗ್ಗದ ಕೆಪಾಸಿಟಿವ್ ಸೆನ್ಸರುಗಳಲ್ಲಿ ಟಿಎಲ್‌ಸಿ 555 ಟೈಮರ್ ಇರಬೇಕು. ಕೆಲವು ನಕಲಿಗಳಲ್ಲಿ ಎನ್‌ಇ 555 ಕೂರಿಸಿರುತ್ತಾರೆ. ಎರಡರ ಡೇಟಾಶೀಟಿನಲ್ಲೂ ಸಪ್ಲೈ ವೋಲ್ಟೇಜಿನ ಸಾಲು ನೋಡಿ: ಮೊದಲನೆಯದು 2 ವೋಲ್ಟಿನಿಂದ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ಕನಿಷ್ಠ 4.5 ಬೇಕು. 3.3 ವೋಲ್ಟ್ ಕೊಟ್ಟು ಓದಿದರೆ ಒದ್ದೆ ಮಣ್ಣಿಗೂ ಒಣ ಮಣ್ಣಿಗೂ ವ್ಯತ್ಯಾಸವೇ ಸರಿಯಾಗಿ ಕಾಣುವುದಿಲ್ಲ. ಹಾಗೆಯೇ ಇಎಸ್‌ಪಿ 32 ಮೈಕ್ರೋಕಂಟ್ರೋಲರಿನಲ್ಲಿ ವೈಫೈ ಚಾಲೂ ಇದ್ದಾಗ ಎಡಿಸಿ 2ರ (ವೋಲ್ಟೇಜನ್ನು ಅಂಕಿಯಾಗಿಸುವ ಎರಡನೇ ಘಟಕದ) ಪಿನ್ನುಗಳು ಓದಲು ಬಾರವು. ಇದು ತಯಾರಕರ ದಾಖಲೆಯಲ್ಲೇ ಬರೆದಿರುವ ಮಾತು. ಡೇಟಾಶೀಟಿನ ಜೊತೆಗೆ ‘ಎರ್ರಾಟಾ’ ಎಂಬ ಇನ್ನೊಂದು ಪಿಡಿಎಫ್ ಇರುತ್ತದೆ, ಚಿಪ್ಪಿನಲ್ಲಿ ತಾವೇ ಕಂಡುಕೊಂಡ ತಪ್ಪುಗಳ ಪಟ್ಟಿ. ಅದನ್ನು ತೆರೆಯದೆ ಪಿಸಿಬಿ ಮಾಡಿಸಲು ಕೊಡಬೇಡಿ.

ಆವರ್ತನದ ಪ್ರಶ್ನೆಗೆ ಪೇಪರೂ ಬೇಡ, ಡೇಟಾಶೀಟೂ ಬೇಡ, ಭಾರತ ಸರ್ಕಾರದ ಗೆಜೆಟ್ ಅಧಿಸೂಚನೆ ಬೇಕು. ಲೈಸೆನ್ಸ್ ಇಲ್ಲದೆ ನಾವು ಲೋರಾ ಬಳಸುವುದು 865 ಮೆಗಾಹರ್ಟ್ಝ್‌ನಿಂದ ಶುರುವಾಗುವ ಬ್ಯಾಂಡಿನಲ್ಲಿ. ಮೂಲ ಅಧಿಸೂಚನೆ 2005ರದ್ದು, 865ರಿಂದ 867ರವರೆಗೆ. ಅಮೆರಿಕದ ಪೇಪರುಗಳಲ್ಲಿ 915 ಇರುತ್ತದೆ, ಆ ಕೋಡನ್ನು ಹಾಗೆಯೇ ಹಾಕಿಕೊಳ್ಳಬೇಡಿ. ಅಗ್ಗಕ್ಕೆ ಸಿಗುವ ಆರ್‌ಎ-02 ಮಾಡ್ಯೂಲ್ 433ರದ್ದು. ಅದಕ್ಕೆ ನಿಯಮವೂ ಬೇರೆ, ಮೇಲೆ ಹಾಕಿದ ಲೆಕ್ಕವೂ ಬೇರೆ.

ಈಗ ನೀವು ಟೆಕ್ಸ್ಟ್‌ಬುಕ್ ಬಿಟ್ಟು ಬೇರೇನೂ ಇಲ್ಲ ಎಂದ ಕಪಾಟುಗಳ ವಿಷಯ. ಪುಸ್ತಕದ ಬೆನ್ನಿನ ಮೇಲಿನ ಡ್ಯೂಯಿ ಸಂಖ್ಯೆ ನೋಡಿ ನಡೆಯಿರಿ. 621.3 ಇಲೆಕ್ಟ್ರಿಕಲ್‌ನ ಮನೆ: 621.31 ವಿದ್ಯುತ್ ಉತ್ಪಾದನೆ, ಸಾಗಣೆ, 621.381 ಇಲೆಕ್ಟ್ರಾನಿಕ್ಸ್, 621.382 ಕಮ್ಯುನಿಕೇಷನ್, 621.39 ಕಂಪ್ಯೂಟರ್ ಹಾರ್ಡ್‌ವೇರ್. ತೊಡಕು ಏನೆಂದರೆ ಒಂದೇ ವಿಷಯ ಎರಡು ಮೂಲೆಯಲ್ಲಿರುತ್ತದೆ. ನೆಟ್‌ವರ್ಕ್ ಪುಸ್ತಕ ಕೆಲವು 621.382ರ ಆಸುಪಾಸಿನಲ್ಲಿ, ಕೆಲವು ದೂರದ 004.6ರಲ್ಲಿ. ಕಂಟ್ರೋಲ್ ಸಿಸ್ಟಮ್ 621ರಲ್ಲಿ ಇಲ್ಲವೇ ಇಲ್ಲ, 629.8ರಲ್ಲಿದೆ. ಮಷಿನ್ ಲರ್ನಿಂಗ್ 006.3. ಇದು ಗೊತ್ತಿಲ್ಲದೆ ಒಂದೇ ಸಾಲು ನೋಡಿ ‘ಇಲ್ಲ’ ಎಂದು ಬರುವವರೇ ಹೆಚ್ಚು. ಲೈಬ್ರರಿಯ ಕಂಪ್ಯೂಟರ್ ಸೂಚಿಯಾದ ಓಪ್ಯಾಕ್‌ನಲ್ಲಿ ಪುಸ್ತಕದ ಹೆಸರಿನ ಬದಲು ವಿಷಯದ ಹೆಸರಿನಿಂದ ಹುಡುಕಿ, ಬಂದ ಪುಸ್ತಕಗಳ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎರವಲು ಕೊಡದ ರೆಫರೆನ್ಸ್ ವಿಭಾಗದಲ್ಲಿ ಆಂಟೆನಾ ಹ್ಯಾಂಡ್‌ಬುಕ್ ತರದವು ಕೂತಿರುತ್ತವೆ. ಪೇಪರ್ ನಾಲ್ಕು ಸಾಲಿನಲ್ಲಿ ಹಾರಿಸಿಬಿಡುವುದನ್ನು ಅವು ನಲವತ್ತು ಪುಟದಲ್ಲಿ ಬಿಡಿಸಿ ಹೇಳುತ್ತವೆ.

ಮಣ್ಣಿನ ಪುಸ್ತಕ 631.4. ಇಂಜಿನಿಯರಿಂಗ್ ಲೈಬ್ರರಿಯಲ್ಲಿ ಆ ಸಾಲು ಬಹುಶಃ ಖಾಲಿ. ಆದರೆ ನೀವು ಹಾಸನದಲ್ಲಿದ್ದೀರಿ, ಕಾರೇಕೆರೆಯಲ್ಲೇ ಕೃಷಿ ಕಾಲೇಜಿದೆ. ಊರಿನ ಕಡೆ ಹೋದರೆ ಮೂಡಿಗೆರೆಯಲ್ಲಿ ತೋಟಗಾರಿಕಾ ಕಾಲೇಜಿದೆ. ಕಾಫಿಯ ಬಗ್ಗೆಯೇ ಆದರೆ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ, 1925ರಲ್ಲಿ ಪ್ರಯೋಗ ಕೇಂದ್ರವಾಗಿ ಶುರುವಾದದ್ದು. ರೋಬಸ್ಟಾಕ್ಕೆ ಫೆಬ್ರುವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ನಿಮ್ಮ ಸೆನ್ಸರಿನ ಅಂಕಿ ನಿಜವಾಗಿ ಬೇಕಾಗುವುದು ಆಗ. ಬೇರು ಎಷ್ಟು ಆಳದಲ್ಲಿ ನೀರು ಹೀರುತ್ತದೆ, ಸೆನ್ಸರ್ ಎಷ್ಟು ಆಳಕ್ಕೆ ಹೂಳಬೇಕು ಎಂಬುದನ್ನು ಅಂಥ ಕಡೆ ಕೇಳಿ ತಿಳಿಯಬೇಕು. ನಿಮ್ಮ ಗ್ರಂಥಪಾಲಕರ ಸಹಿ ಇರುವ ಪರಿಚಯ ಪತ್ರ ಹಿಡಿದು, ಮೊದಲೇ ಫೋನ್ ಮಾಡಿ ಹೋಗಿ.

ಪ್ರಬಂಧಗಳನ್ನು ಮರೆಯಬೇಡಿ. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾದಲ್ಲಿ ಭಾರತದ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ಎರಡನೇ ಅಧ್ಯಾಯ ಸಾಮಾನ್ಯವಾಗಿ ಲಿಟರೇಚರ್ ಸರ್ವೆ. ಯಾರೋ ಮೂರು ವರ್ಷ ಕೂತು ಹುಡುಕಿದ ಪಟ್ಟಿ ಒಂದೇ ಕಡೆ. ಪಟ್ಟಿ ತಗೊಳ್ಳಿ, ಮಾತು ತಗೊಳ್ಳಬೇಡಿ. ಸಾಮ್ಯತೆ ಪರೀಕ್ಷೆಯ ತಂತ್ರಾಂಶ ಮೊದಲು ಹಿಡಿಯುವುದೇ ಅಂಥದ್ದನ್ನು. ಬೆಂಗಳೂರಿನ ಐಐಎಸ್‌ಸಿ ತನ್ನ ಪ್ರಬಂಧಗಳನ್ನು ಬೇರೆಯಾಗಿ ತನ್ನದೇ ಭಂಡಾರದಲ್ಲಿ ಇಟ್ಟಿದೆ.

ಪಕ್ಕದ ಬ್ರಾಂಚಿನವರಿಗೂ ಎರಡು ಮಾತು. ಇಲೆಕ್ಟ್ರಿಕಲ್‌ನವರಿಗೆ ವಿತರಣಾ ಜಾಲದ ಅಂಕಿಅಂಶ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿಯ ದರ ಆದೇಶಗಳಲ್ಲಿ ಸಿಗುತ್ತದೆ. ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ ಎಂಬುದನ್ನು ಗಮನದಲ್ಲಿಟ್ಟು ಸರಿಯಾದ ಕಂಪನಿಯ ಆದೇಶ ತೆರೆಯಿರಿ. 33-ಬಸ್ ಎಂಬ ವಿತರಣಾ ಜಾಲದ ಪರೀಕ್ಷಾ ಮಾದರಿ ಬಳಸುವವರು ಅದರ ಅಂಕಿಗಳನ್ನು ಯಾವುದೋ ಕಾನ್ಫರೆನ್ಸ್ ಪೇಪರಿನಿಂದ ಕೈಯಲ್ಲಿ ನಕಲಿಸಬೇಡಿ, ಮುದ್ರಣದ ತಪ್ಪುಗಳು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿವೆ. ಮ್ಯಾಟ್‌ಪವರ್ ಎಂಬ ಉಚಿತ ತಂತ್ರಾಂಶದಲ್ಲಿ ಅದು ಸಿದ್ಧವಾಗಿದೆ. ಲೋಡ್ ಫ್ಲೋ ಓಡಿಸಿದರೆ ನಷ್ಟ ಸುಮಾರು 202 ಕಿಲೋವ್ಯಾಟ್ ಬರಬೇಕು. ಬಾರದಿದ್ದರೆ ಅಲ್ಲೇ ನಿಂತು ತಪ್ಪು ಹುಡುಕಿ. ಕಂಪ್ಯೂಟರ್ ಸೈನ್ಸ್‌ನವರಿಗೆ ಆ ವಿಷಯದ ಅಂತರರಾಷ್ಟ್ರೀಯ ಸಂಘ ಎಸಿಎಂ 1951ರಿಂದ 2000ದವರೆಗಿನ ತನ್ನ ಲೇಖನಗಳನ್ನು 2022ರಲ್ಲೇ ಮುಕ್ತಗೊಳಿಸಿದೆ.

ಓದುವ ಕ್ರಮ. ಪೇಪರನ್ನು ಮೊದಲಿನಿಂದ ಕೊನೆಗೆ ಓದಬೇಡಿ. ಸಾರಾಂಶ, ಆಮೇಲೆ ಚಿತ್ರ, ಕೋಷ್ಟಕ, ಆಮೇಲೆ ಪ್ರಯೋಗ ಹೇಗೆ ಮಾಡಿದರು ಎಂಬ ಭಾಗ. ಅಳತೆಯ ಕೋಷ್ಟಕವಿಲ್ಲದ್ದನ್ನು ಅಲ್ಲಿಗೇ ಬಿಡಿ. ಉಳಿದದ್ದನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿ: ಆವರ್ತನ, ಸ್ಪ್ರೆಡಿಂಗ್ ಫ್ಯಾಕ್ಟರ್, ಕಳಿಸುವ ಶಕ್ತಿ, ಎರಡೂ ಆಂಟೆನಾಗಳ ಎತ್ತರ, ಯಾವ ಮರ, ಎಲೆ ಒದ್ದೆಯೋ ಒಣಗಿದ್ದೋ, ಗರಿಷ್ಠ ದೂರ, ನೂರಕ್ಕೆ ಎಷ್ಟು ಪ್ಯಾಕೆಟ್ ತಲುಪಿತು. ಖಾಲಿ ಉಳಿದ ಮನೆಗಳನ್ನು ಖಾಲಿಯೇ ಬಿಡಿ. ಯಾವ ಕಾಲಂ ಹೆಚ್ಚು ಖಾಲಿಯಿದೆಯೋ, ಆಂಟೆನಾ ಎತ್ತರದ್ದೋ ಒದ್ದೆ ಎಲೆಯದ್ದೋ, ನಿಮ್ಮ ತೋಟದಲ್ಲಿ ಅಳೆಯಬೇಕಾದದ್ದು ಅದೇ. ಗೈಡ್ ಮುಂದೆ ಈ ಹಾಳೆ ಇಟ್ಟರೆ 9 ಪೇಪರ್ ಇದ್ದರೂ ಮಾತು ಮುಂದುವರಿಯುತ್ತದೆ. 15 ಮಾಡಲೇಬೇಕು ಎಂದರೆ ಜಾಡು ಹಿಡಿದು ಹೋದಲ್ಲಿ ಉಳಿದವು ತಾವಾಗಿ ಸಿಗುತ್ತವೆ.

ಉಲ್ಲೇಖಗಳಿಗೆ ಜೊಟೆರೋ ಎಂಬ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ವಿವರಗಳನ್ನು ಸ್ಕಾಲರ್‌ನಿಂದ ಎಳೆಯಬೇಡಿ, ಪುಟಸಂಖ್ಯೆ, ಸಮ್ಮೇಳನದ ಪೂರ್ತಿ ಹೆಸರು ಬಿಟ್ಟುಹೋಗುತ್ತವೆ. ಪ್ರಕಾಶಕರ ಪುಟದಿಂದ ಅಥವಾ ಡಿಒಐ (ಪೇಪರಿನ ಕಾಯಂ ಗುರುತು) ಸಂಖ್ಯೆ ಕೊಟ್ಟು ತಗೊಳ್ಳಿ. ಐಟ್ರಿಪಲ್‌ಇ ಪೇಪರುಗಳ ಡಿಒಐ ಸಾಮಾನ್ಯವಾಗಿ 10.1109ರಿಂದ ಶುರುವಾಗುತ್ತದೆ. ‘ಐಟ್ರಿಪಲ್‌ಇ’ ಎಂದು ಹೇಳಿಕೊಂಡ ಪೇಪರಿಗೆ ಬೇರೆ ಸಂಖ್ಯೆ ಇದ್ದರೆ ಅನುಮಾನಿಸಿ. ಮುಂದೆ ನಿಮ್ಮದೇ ಪೇಪರ್ ಹಾಕಿಸಲು ವಾಟ್ಸಾಪಿನಲ್ಲಿ ಕರೆ ಬರುತ್ತದೆ: ಎರಡು ದಿನದಲ್ಲಿ ಸ್ವೀಕಾರ, ಶುಲ್ಕ ಗೂಗಲ್ ಪೇ. ಯುಜಿಸಿ-ಕೇರ್ (ಯುಜಿಸಿ ಒಪ್ಪಿದ ಜರ್ನಲ್ಲುಗಳ) ಪಟ್ಟಿಯಲ್ಲಿದ್ದೇವೆ ಎಂದು ಅವರು ಹೇಳಿದರೆ, ಆ ಪಟ್ಟಿಯನ್ನೇ ಯುಜಿಸಿ 2025ರ ಫೆಬ್ರುವರಿಯಲ್ಲಿ ಕೈಬಿಟ್ಟಿದೆ ಎಂದು ಹೇಳಿ ಫೋನ್ ಇಡಿ.

ಡೆಲ್‌ನೆಟ್ ವಿನಂತಿ ಕೊಡುವಾಗ ಪೇಪರಿನ ಪೂರ್ತಿ ಹೆಸರು, ಜರ್ನಲ್, ಸಂಪುಟ, ವರ್ಷ, ಪುಟ, ಡಿಒಐ ಎಲ್ಲ ಒಂದೇ ಹಾಳೆಯಲ್ಲಿ ಟೈಪ್ ಮಾಡಿ ಕೊಡಿ. ಫೋನಿನ ಸ್ಕ್ರೀನ್‌ಶಾಟ್ ತೋರಿಸಿ ಬಂದರೆ ಅದು ಮೇಜಿನ ಮೇಲೇ ಉಳಿಯುತ್ತದೆ. ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲ ರಿವ್ಯೂಗೆ ಮೂರು ವಾರ ಇರುವಾಗಲೇ ಕೊಟ್ಟುಬಿಡಿ.